ಬ್ಯಾಟರಿ ಕಾರ್ಖಾನೆಗೆ ಹೋಗೋ ಮೊದಲು ಕೈ ಪಳಗಿಸಿಕೊಳ್ಳಿ: ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಒಂದು ಮಾರ್ಗದರ್ಶಿ

ದೇವನಹಳ್ಳಿ ಹತ್ತಿರದ ಹರಳೂರಿನಲ್ಲಿ ಎಕ್ಸೈಡ್ ಎನರ್ಜಿಯ ಲಿಥಿಯಂ ಸೆಲ್ ಕಾರ್ಖಾನೆ ಎದ್ದಿದೆ. ವರ್ಷಕ್ಕೆ ಒಟ್ಟು 12 ಗಿಗಾವ್ಯಾಟ್ ಅವರ್ ಸಾಮರ್ಥ್ಯದ ಸೆಲ್ ಮಾಡೋದು ಕಂಪನಿಯ ಗುರಿ. ಗಡಿಯಾಚೆ ಕೃಷ್ಣಗಿರಿ ಜಿಲ್ಲೆಯಲ್ಲಿ ಓಲಾದ ಗಿಗಾಫ್ಯಾಕ್ಟರಿ ಇದೆ, ಅಲ್ಲಿ 4680 ಅಳತೆಯ (46 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಎತ್ತರ) ಸೆಲ್ ಮಾಡುತ್ತಾರೆ. ಹೊಸೂರಿನಲ್ಲಿ ಏಥರ್ ತನ್ನ ಸ್ಕೂಟರ್‌ ಜೊತೆಗೆ ಅದರ ಬ್ಯಾಟರಿ ಪ್ಯಾಕ್ (ಹಲವು ಸೆಲ್ ಸೇರಿಸಿ ಕಟ್ಟಿದ್ದು) ಕೂಡ ಜೋಡಿಸುತ್ತದೆ. ಪೀಣ್ಯ, ಬೊಮ್ಮಸಂದ್ರದ ಕಡೆ ಪ್ಯಾಕ್ ಮಾಡುವ ಸಣ್ಣ ಯೂನಿಟ್‌ಗಳೂ ಇವೆ. ಸೆಲ್ ನಮ್ಮಲ್ಲೇ ಆಗಲಿ ಅಂತ ಕೇಂದ್ರ ಸರ್ಕಾರ 2021ರಲ್ಲಿ 18,100 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ತಂದ ಮೇಲೆ ಬ್ಯಾಟರಿ ಕೆಲಸದ ಮಾತು ಇನ್ನೂ ಜೋರಾಯಿತು.

ಸಹಜವಾಗಿ ಐಟಿಐ, ಡಿಪ್ಲೊಮಾ ಮಾಡುತ್ತಿರುವವರು ಕೇಳುತ್ತಾರೆ: ಈ ಕೆಲಸಕ್ಕೆ ಯಾವ ಕೋರ್ಸ್ ಮಾಡಬೇಕು?

ಕೋರ್ಸ್ ಆಮೇಲೆ ನೋಡೋಣ. ಮೊದಲು ಕೈ. ಬ್ಯಾಟರಿ ಲೈನ್‌ನಲ್ಲಿ ನಿಲ್ಲುವವರಿಗೆ ಬೇಕಾದ ಗುಣ ಇಷ್ಟೇ: ಒಂದೇ ಕೆಲಸವನ್ನು ಇನ್ನೂರು ಸಲ ಮಾಡಿದರೂ ಇನ್ನೂರು ಸಲವೂ ಒಂದೇ ಥರ ಮಾಡಬೇಕು. ಅಳೆದದ್ದನ್ನು ಅಳೆದ ಹಾಗೇ ಬರೆಯಬೇಕು. ರಸಾಯನಶಾಸ್ತ್ರವನ್ನು ಕಂಪನಿಯವರೇ ಹೇಳಿಕೊಡುತ್ತಾರೆ. ಈ ಅಭ್ಯಾಸವನ್ನು ಹೇಳಿಕೊಡೋಕೆ ಅವರಿಗೆ ಪುರುಸೊತ್ತು ಇರಲ್ಲ. ಇದನ್ನು ನಿಮ್ಮ ಕಾಲೇಜಿನ ಲ್ಯಾಬ್‌ನಲ್ಲೇ, ಜಾಸ್ತಿ ದುಡ್ಡು ಸುರಿಯದೆ, ಕಲಿಯಬಹುದು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಹೆಜ್ಜೆ 1: ಯಾವ ಬಾಗಿಲು ಅಂತ ತೀರ್ಮಾನಿಸಿ

"ಬ್ಯಾಟರಿ ಕಂಪನಿ" ಅಂದರೆ ಒಂದೇ ಥರದ ಕೆಲಸ ಅಲ್ಲ. ಮೂರು ಬಾಗಿಲಿವೆ.

ಒಂದು, ಸೆಲ್ ತಯಾರಿಕೆ. ಇಲ್ಲಿ ಪುಡಿಯಿಂದ ಶುರು. ಪುಡಿ, ಅಂಟು, ದ್ರಾವಣ ಕಲಸಿ ಸ್ಲರಿ ಮಾಡುತ್ತಾರೆ. ತೆಳ್ಳನೆ ಲೋಹದ ಹಾಳೆ ಮೇಲೆ ಅದನ್ನು ಬಳಿದು ಒಣಗಿಸುತ್ತಾರೆ, ರೋಲರ್ ನಡುವೆ ಒತ್ತುತ್ತಾರೆ, ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಾರೆ. ಆಮೇಲೆ ಸುತ್ತಿ ಅಥವಾ ಪೇರಿಸಿ, ಡಬ್ಬಿಗೆ ಹಾಕಿ, ಎಲೆಕ್ಟ್ರೋಲೈಟ್ (ಲಿಥಿಯಂ ಉಪ್ಪು ಕರಗಿದ ದ್ರವ) ತುಂಬಿ, ಮುಚ್ಚಿ, ಮೊದಲ ಸಲ ನಿಧಾನಕ್ಕೆ ಚಾರ್ಜ್ ಮಾಡುತ್ತಾರೆ. ಇದಕ್ಕೆ ಫಾರ್ಮೇಶನ್ ಅಂತಾರೆ. ನಂತರ ಕೆಲವು ದಿನದಿಂದ ಕೆಲವು ವಾರ ಸುಮ್ನೆ ಇಟ್ಟು ನೋಡುತ್ತಾರೆ, ಅದು ಏಜಿಂಗ್.

ಎರಡು, ಪ್ಯಾಕ್ ಜೋಡಣೆ. ತಯಾರಾದ ಸೆಲ್ ಬರುತ್ತದೆ. ವಿಂಗಡಿಸುವುದು, ವೆಲ್ಡ್ ಮಾಡುವುದು, ಸೆಲ್‌ಗಳನ್ನು ಕಾಯುವ ಬಿಎಂಎಸ್ ಬೋರ್ಡ್ ಕೂರಿಸುವುದು, ವೈರ್ ಕಟ್ಟುವುದು, ಕೊನೆಗೆ ಟೆಸ್ಟ್.

ಮೂರು, ಮೇಂಟೆನೆನ್ಸ್. ಯಂತ್ರ, ಪಿಎಲ್‌ಸಿ, ಸರ್ವೋ ಮೋಟರ್, ಚಿಲ್ಲರ್, ತೇವ ತೆಗೆಯುವ ಘಟಕ ಇವನ್ನೆಲ್ಲ ನಿಲ್ಲದಂತೆ ನೋಡಿಕೊಳ್ಳುವ ಕೆಲಸ.

ನನ್ನನ್ನು ಕೇಳಿದರೆ, ಫಿಟ್ಟರ್, ಎಲೆಕ್ಟ್ರಿಷಿಯನ್, ಮೆಕಾಟ್ರಾನಿಕ್ಸ್ ಓದಿದವರು ಮೂರನೇ ಬಾಗಿಲನ್ನು ಮರೆಯಬಾರದು. ಎಲ್ಲರ ಕಣ್ಣು ಸೆಲ್ ಮೇಲೆ ಇರುತ್ತೆ, ಆದರೆ ಕೋಟಿಂಗ್ ಯಂತ್ರ ನಿಂತಾಗ ಮ್ಯಾನೇಜರ್ ಹುಡುಕೋದು ಮೇಂಟೆನೆನ್ಸ್ ಹುಡುಗನನ್ನೇ. ಜಿಟಿಟಿಸಿ, ಕರ್ನಾಟಕ ಜರ್ಮನ್ ತಾಂತ್ರಿಕ ತರಬೇತಿ ಸಂಸ್ಥೆಯಂಥ ಕಡೆ ಆಟೊಮೇಶನ್ ಕಲಿತವರಿಗೆ ಇಲ್ಲಿ ಜಾಗ ಇದೆ. ಈ ಕಾರ್ಖಾನೆ ಬೇಡ ಅನಿಸಿದರೂ ಆ ವಿದ್ಯೆ ಬೇರೆ ಕಡೆ ಅನ್ನ ಹಾಕುತ್ತದೆ. ಎಲೆಕ್ಟ್ರಾನಿಕ್ಸ್‌ನವರಿಗೆ ಎರಡನೇ ಬಾಗಿಲು ಹತ್ತಿರ. ಕೆಮಿಕಲ್, ಮೆಟಲರ್ಜಿ, ಬಿಎಸ್ಸಿ ಕೆಮಿಸ್ಟ್ರಿಯವರಿಗೆ ಮೊದಲನೆಯದು.

ಹೆಜ್ಜೆ 2: ಮಲ್ಟಿಮೀಟರ್ ಹಿಡಿಯೋದನ್ನು ಮತ್ತೆ ಕಲಿಯಿರಿ

"ಅದು ಬರುತ್ತೆ ಸಾರ್" ಅನ್ನಬೇಡಿ. ಕೆಂಪು ವೈರ್ 10 ಆಂಪ್ ತೂತಿನಲ್ಲೇ ಉಳಿದಿದ್ದು, ಹಾಗೇ ಸೆಲ್‌ನ ಎರಡು ತುದಿಗೆ ಮುಟ್ಟಿಸಿದರೆ ಅದು ವೋಲ್ಟೇಜ್ ಅಳತೆ ಅಲ್ಲ, ನೇರ ಶಾರ್ಟ್. ಆದ್ದರಿಂದ ಮೀಟರ್ ಕೈಗೆ ತೆಗೆದುಕೊಂಡ ಕೂಡಲೇ ಕಣ್ಣು ಮೊದಲು ತೂತಿನ ಕಡೆ ಹೋಗಬೇಕು, ಆಮೇಲೆ ಡಯಲ್ ಕಡೆ. ಇದು ಯೋಚಿಸದೇ ಆಗುವಷ್ಟು ಅಭ್ಯಾಸ ಆಗಬೇಕು.

ಮೀಟರ್ ಕೊಳ್ಳುವುದಾದರೆ 6000 ಕೌಂಟ್‌ನದ್ದು ತಗೊಳ್ಳಿ. ಸಾಮಾನ್ಯ 2000 ಕೌಂಟ್ ಮೀಟರ್ 20 ವೋಲ್ಟ್ ರೇಂಜ್‌ನಲ್ಲಿ 3.64 ಅಂತ ಮಾತ್ರ ತೋರಿಸುತ್ತದೆ. ನಮಗೆ 3.642 ಬೇಕು. ಆ ಮೂರನೇ ಅಂಕಿಯಲ್ಲೇ ಈ ಉದ್ಯೋಗ ನಿಂತಿರೋದು.

ಈಗ ಅಭ್ಯಾಸಕ್ಕೆ ಹತ್ತು ಹೊಸ 18650 ಸೆಲ್ (18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದದ ದುಂಡನೆ ಲಿಥಿಯಂ ಸೆಲ್) ಬೇಕು. ನಂಬಿಕಸ್ಥ ಅಂಗಡಿಯಿಂದ ಬಿಲ್ ಸಮೇತ ತನ್ನಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ ಆನ್‌ಲೈನಲ್ಲಾಗಲಿ 9900 ಎಂಎಎಚ್ ಅಂತ ಬರೆದ ಸೆಲ್ ಕಂಡರೆ ಮುಟ್ಟಬೇಡಿ. ಈ ಅಳತೆಯ ಒಳ್ಳೆಯ ಸೆಲ್‌ಗಳೇ ಸುಮಾರು 3500ರ ಆಸುಪಾಸಿಗೆ ನಿಲ್ಲುತ್ತವೆ. ತಕ್ಕಡಿ ಇದ್ದರೆ ತೂಗಿ ನೋಡಿ: ಅಸಲಿ ಸೆಲ್ 45 ಗ್ರಾಂ ಆಚೀಚೆ ತೂಗುತ್ತೆ, ತೀರಾ ಹಗುರ ಇದ್ದರೆ ಒಳಗೆ ಸರಕಿಲ್ಲ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ಸೆಲ್ ತೆಗೆಯೋ ವಿಡಿಯೊಗಳನ್ನು ನೋಡಿ ಪ್ರಯೋಗಕ್ಕೆ ಇಳಿಯಬೇಡಿ. ಅದರ ಹಿಂದಿನ ಕಥೆ ನಿಮಗೆ ಗೊತ್ತಿರಲ್ಲ.

ಪ್ರತಿ ಸೆಲ್‌ಗೆ ಮಾರ್ಕರ್‌ನಲ್ಲಿ ನಂಬರ್ ಹಾಕಿ. ಪ್ಲಾಸ್ಟಿಕ್ ಹೋಲ್ಡರ್‌ನಲ್ಲಿ ಇಡಿ, ಮೇಜಿನ ಮೇಲೆ ಲೋಹದ ಸ್ಕೇಲ್, ಸ್ಕ್ರೂಡ್ರೈವರ್ ಏನೂ ಬಿದ್ದಿರಬಾರದು. ಚಾರ್ಜ್ ಮಾಡಿದ್ದರೆ ಕೆಲವು ಗಂಟೆ ಬಿಡಿ, ವೋಲ್ಟೇಜ್ ನೆಲೆ ನಿಲ್ಲಲಿ. ಆಮೇಲೆ ಹತ್ತನ್ನೂ ಅಳೆದು ಬರೆಯಿರಿ: ತಾರೀಕು, ಸಮಯ, ಕೋಣೆಯ ಉಷ್ಣಾಂಶ, ವೋಲ್ಟೇಜ್. ಈಗ ಮೀಟರನ್ನು ಸ್ನೇಹಿತರಿಗೆ ಕೊಡಿ. ನಿಮ್ಮ ಪುಸ್ತಕ ಅವರಿಗೆ ತೋರಿಸಬೇಡಿ. ಅವರೂ ಅದೇ ಹತ್ತು ಸೆಲ್ ಅಳೆಯಲಿ.

ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ಅರ್ಧ ಪಾಠ ಅಲ್ಲೇ ಇದೆ. ನಿಮಗೆ 3.642, ಅವರಿಗೆ 3.639. ಸೆಲ್ ಅದೇ, ಮೀಟರ್ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಪ್ರೋಬ್ ಸರಿಯಾಗಿ ಒತ್ತಿರಲಿಲ್ಲವೇ, ಓದು ನಿಲ್ಲುವ ಮೊದಲೇ ಬರೆದರಾ, ತುದಿಯಲ್ಲಿ ಕೊಳೆ ಇತ್ತಾ? ಇಬ್ಬರ ಪಟ್ಟಿಯೂ ಒಂದೇ ಬರುವ ತನಕ ವಿಧಾನ ತಿದ್ದಿ. ಕಾರ್ಖಾನೆಯಲ್ಲಿ ಇದನ್ನೇ ಗೇಜ್ ಆರ್ ಆ್ಯಂಡ್ ಆರ್ ಅಂತ ದೊಡ್ಡ ಹೆಸರಿಟ್ಟು ಮಾಡುತ್ತಾರೆ.

ಒಂದು ವಾರ ಸೆಲ್‌ಗಳನ್ನು ತಂಪಾದ ಜಾಗದಲ್ಲಿ ಹಾಗೇ ಇಡಿ. ಅದೇ ಉಷ್ಣಾಂಶದಲ್ಲಿ ಮತ್ತೆ ಅಳೆಯಿರಿ. ಒಂಬತ್ತು ಸೆಲ್ ಒಂದೆರಡು ಮಿಲಿವೋಲ್ಟ್ ಇಳಿದಿದ್ದು, ಒಂದು ಮಾತ್ರ ಮೂವತ್ತು ಇಳಿದಿದ್ದರೆ? ಒಳಗೆ ಎಲ್ಲೋ ಸಣ್ಣ ಸೋರಿಕೆ ಇರಬಹುದು. ಏಜಿಂಗ್ ರೂಮಿನಲ್ಲಿ ಸಾವಿರಗಟ್ಟಲೆ ಸೆಲ್ ಕೂರಿಸಿ ಹುಡುಕುವುದು ಇಂಥ ಕಳ್ಳನನ್ನೇ. ಇಲ್ಲಿ ಒಂದು ಎಚ್ಚರಿಕೆ: ಈ ಆಟ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಎನ್‌ಎಂಸಿ ಸೆಲ್‌ನಲ್ಲಿ ಚೆನ್ನಾಗಿ ಕಾಣುತ್ತೆ. ಐರನ್ ಫಾಸ್ಫೇಟ್ ಇರುವ ಎಲ್‌ಎಫ್‌ಪಿ ಸೆಲ್ ತನ್ನ ಚಾರ್ಜಿನ ಬಹುಪಾಲನ್ನು 3.2, 3.3 ವೋಲ್ಟ್ ಅಕ್ಕಪಕ್ಕದಲ್ಲೇ ಕಳೆಯುತ್ತದೆ. ಹಾಗಾಗಿ ಅದರ ವೋಲ್ಟೇಜ್ ನೋಡಿ ಒಳಗೆ ಎಷ್ಟು ಉಳಿದಿದೆ ಅಂತ ಹೇಳೋದು ಕಷ್ಟ.

ಸೆಲ್‌ನ ಒಳರೋಧವನ್ನು ಮಲ್ಟಿಮೀಟರ್‌ನ ಓಮ್ ರೇಂಜ್‌ನಲ್ಲಿ ಅಳೆಯಲು ಹೋಗಬೇಡಿ. ಅದು ಹತ್ತಾರು ಮಿಲಿಓಮ್‌ಗಳ ಸಂಗತಿ, ಪ್ರೋಬ್‌ ವೈರ್‌ನ ರೋಧವೇ ಅದಕ್ಕಿಂತ ಜಾಸ್ತಿ ಇರುತ್ತೆ. ಇದಕ್ಕೆ ನಾಲ್ಕು ವೈರ್‌ನ, 1 ಕಿಲೊಹರ್ಟ್ಜ್ ಎಸಿ ಬಳಸುವ ಬೇರೆ ಮೀಟರ್ ಬರುತ್ತದೆ. ಕಾಲೇಜಿಗೆ ಒಂದು ತರಿಸಿಕೊಡಿ ಅಂತ ಎಚ್‌ಒಡಿ ಬೆನ್ನು ಹತ್ತಿ.

ಹೆಜ್ಜೆ 3: ಒಮ್ಮೆಯಾದರೂ ಎಲೆಕ್ಟ್ರೋಡ್ ಬಳಿದು ನೋಡಿ

ಸೆಲ್ ಕಾರ್ಖಾನೆ ಸೇರುವ ಆಸೆ ಇದ್ದರೆ ಇದನ್ನು ಬಿಡಬೇಡಿ. ಕ್ಯಾಥೋಡ್ (ಸೆಲ್‌ನ ಪ್ಲಸ್ ಕಡೆ) ಸ್ಲರಿಯಲ್ಲಿ ಸಾಮಾನ್ಯವಾಗಿ ಎನ್‌ಎಂಪಿ ಅನ್ನೋ ದ್ರಾವಣ ಇರುತ್ತದೆ, ಅದು ವಿಷ, ಕಾಲೇಜಿನಲ್ಲಿ ಬೇಡ. ಆನೋಡ್ (ಮೈನಸ್ ಕಡೆ) ಸ್ಲರಿ ಹಾಗಲ್ಲ, ಅದಕ್ಕೆ ನೀರೇ ಸಾಕು. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಮೇಷ್ಟ್ರ ಎದುರಿಗೆ ಮಾಡಬಹುದಾದ ಪ್ರಯೋಗ ಇದು.

ಬೇಕಾದ್ದು: 10 ಗ್ರಾಂ ಗ್ರಾಫೈಟ್ ಪುಡಿ, 0.3 ಗ್ರಾಂ ಸಿಎಂಸಿ (ಸ್ಲರಿಯನ್ನು ಮಂದ ಮಾಡುವ ಅಂಟಿನ ಪುಡಿ), 15 ಗ್ರಾಂ ಡಿಸ್ಟಿಲ್ಡ್ ವಾಟರ್, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಗಾಜಿನ ಕಡ್ಡಿ, ಸೆಲ್ಲೋ ಟೇಪ್, 12 ಮಿಲಿಮೀಟರ್ ಪಂಚ್, 0.1 ಮಿಲಿಗ್ರಾಂ ತೋರಿಸುವ ತಕ್ಕಡಿ.

ಹಿಂದಿನ ದಿನವೇ ಸಿಎಂಸಿಯನ್ನು ನೀರಿಗೆ ಚೂರುಚೂರೇ ಉದುರಿಸುತ್ತಾ ಕಲಕಿ ಇಡಿ. ಒಮ್ಮೆಗೇ ಸುರಿದರೆ ಗಂಟು ಕಟ್ಟುತ್ತದೆ, ಆ ಗಂಟು ಆಮೇಲೆ ಏನು ಮಾಡಿದರೂ ಒಡೆಯಲ್ಲ. ಮಾರನೇ ದಿನ ಮಾಸ್ಕ್ ಹಾಕಿಕೊಂಡು ಗ್ರಾಫೈಟ್ ಸೇರಿಸಿ, ನಿಧಾನಕ್ಕೆ, ಗುಳ್ಳೆ ಬಾರದ ಹಾಗೆ ಕಲಸಿ. ಗ್ರಾಫೈಟ್ ಪುಡಿ ಕರೆಂಟ್ ಹರಿಸುತ್ತೆ, ಸ್ವಿಚ್‌ಬೋರ್ಡ್, ಮೀಟರ್ ಹತ್ತಿರ ಹಾರಿಸಬೇಡಿ.

ಗಾಜಿನ ಹಲಗೆ ಮೇಲೆ ಫಾಯಿಲ್ ಸುಕ್ಕಿಲ್ಲದಂತೆ ಹಾಸಿ. ಎರಡೂ ಅಂಚಿಗೆ ಟೇಪನ್ನು ಎರಡು ಪದರ ಅಂಟಿಸಿ. ಟೇಪಿನ ದಪ್ಪವೇ ನಿಮ್ಮ ಗೇಜ್. ಒಂದು ತುದಿಗೆ ಸ್ಲರಿ ಹಾಕಿ, ಗಾಜಿನ ಕಡ್ಡಿಯನ್ನು ಟೇಪಿನ ಮೇಲೆ ಕೂರಿಸಿ ಒಂದೇ ಎಳೆತದಲ್ಲಿ ಎಳೆಯಿರಿ. ನಡುವೆ ನಿಲ್ಲಬಾರದು. ಓವನ್‌ನಲ್ಲಿ 60 ಡಿಗ್ರಿಗೆ ಒಣಗಿಸಿ.

ಈಗ ಒಳ್ಳೆಯ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ. ಸೂಜಿ ಮೊನೆಯಷ್ಟು ಫಾಯಿಲ್ ಎಲ್ಲಿ ಹೊಳೆಯುತ್ತೋ ಅಲ್ಲಿ ಪಿನ್‌ಹೋಲ್, ಗುಳ್ಳೆ ಒಡೆದ ಜಾಗ. ಉದ್ದಕ್ಕೆ ಗೀರು ಬಿದ್ದಿದ್ದರೆ ಕಡ್ಡಿಗೆ ಗಂಟು ಸಿಕ್ಕಿತ್ತು. ಅಂಚು ದಪ್ಪ ಇರುತ್ತೆ, ನೋಡಿ. ಫಾಯಿಲ್ ಬಾಗಿಸಿದರೆ ಪದರ ಬಿರುಕು ಬಿಟ್ಟು ಎದ್ದು ಬರುತ್ತೆ, ಯಾಕೆಂದರೆ ನಾವು ರಬ್ಬರ್ ಥರದ ಎಸ್‌ಬಿಆರ್ ಅಂಟು ಹಾಕಿಲ್ಲ. ಆ ಅಂಟು ಯಾಕೆ ಬೇಕು ಅನ್ನೋದು ಇಲ್ಲಿ ಪುಸ್ತಕವಿಲ್ಲದೆ ಅರ್ಥವಾಗುತ್ತದೆ.

ಕೊನೆಗೆ ಪಂಚ್‌ನಿಂದ ಹತ್ತು ಬಿಲ್ಲೆ ಕತ್ತರಿಸಿ: ಮೂರು ಎಡ ಅಂಚಿನಿಂದ, ನಾಲ್ಕು ನಡುವಿನಿಂದ, ಮೂರು ಬಲದಿಂದ. ಖಾಲಿ ಫಾಯಿಲ್‌ನ ಬಿಲ್ಲೆಯನ್ನೂ ತೂಗಿ, ಆ ತೂಕ ಕಳೆಯಿರಿ. 12 ಮಿಲಿಮೀಟರ್ ಬಿಲ್ಲೆಯ ವಿಸ್ತೀರ್ಣ 1.13 ಚದರ ಸೆಂಟಿಮೀಟರ್. ಅದರಿಂದ ಭಾಗಿಸಿದರೆ ಪ್ರತಿ ಚದರ ಸೆಂಟಿಮೀಟರ್‌ಗೆ ಎಷ್ಟು ಮಿಲಿಗ್ರಾಂ ಕೂತಿದೆ ಅಂತ ಸಿಗುತ್ತದೆ. ಕೋಟಿಂಗ್ ಲೈನ್‌ನಲ್ಲಿ ದಿನವಿಡೀ ಕೇಳಿಬರುವ "ಲೋಡಿಂಗ್" ಇದೇ. ಕೈಯಲ್ಲಿ ಬಳಿದದ್ದು ಬಿಲ್ಲೆಯಿಂದ ಬಿಲ್ಲೆಗೆ ಸಿಕ್ಕಾಪಟ್ಟೆ ಏರುಪೇರು ಇರುತ್ತೆ. ಯಂತ್ರ ಅದನ್ನು ಒಂದೆರಡು ಶೇಕಡಾ ಒಳಗೆ ಇಡಲು ಹೆಣಗುತ್ತದೆ. ಆ ಹೆಣಗಾಟ ಏನಂತ ನಿಮಗೆ ಈಗ ಗೊತ್ತಾಯಿತು.

ಅಂದಹಾಗೆ, ಇದು ಓಡುವ ಆನೋಡ್ ಅಲ್ಲ. ಆನೋಡ್ ಕಡೆಯ ವೋಲ್ಟೇಜ್‌ನಲ್ಲಿ ಅಲ್ಯೂಮಿನಿಯಂ ಲಿಥಿಯಂ ಜೊತೆ ಸೇರಿ ಹಾಳಾಗುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಗ್ರಾಫೈಟ್‌ಗೆ ತಾಮ್ರದ ಹಾಳೆ, ಕ್ಯಾಥೋಡ್‌ಗೆ ಅಲ್ಯೂಮಿನಿಯಂ ಹಾಳೆ. ಸಂದರ್ಶನದಲ್ಲಿ ಈ ಪ್ರಶ್ನೆ ಬಂದರೆ ಉತ್ತರ ಗೊತ್ತಿರಲಿ.

ಹೆಜ್ಜೆ 4: ತೇವಕ್ಕೆ ಹೆದರೋದು ಕಲಿಯಿರಿ

ಡ್ರೈ ರೂಮ್ ಅನ್ನೋ ಮಾತು ಕೇಳಿರುತ್ತೀರಿ. ಸೆಲ್ ಜೋಡಿಸಿ ಎಲೆಕ್ಟ್ರೋಲೈಟ್ ತುಂಬುವ ಆ ಕೋಣೆಯ ಗಾಳಿಯ ಡ್ಯೂ ಪಾಯಿಂಟ್ (ಗಾಳಿಯ ತೇವ ಇಬ್ಬನಿಯಾಗಿ ಕೂರಲು ಶುರುವಾಗುವ ಉಷ್ಣಾಂಶ) ಮೈನಸ್ 40 ಡಿಗ್ರಿ, ಕೆಲವು ಕಡೆ ಇನ್ನೂ ಕೆಳಗೆ. ಅಂದರೆ ತೇವಾಂಶ ಶೇಕಡಾ 1ಕ್ಕಿಂತ ಕಡಿಮೆ. ಎಲೆಕ್ಟ್ರೋಲೈಟ್‌ನಲ್ಲಿರುವ ಲಿಥಿಯಂ ಉಪ್ಪಿಗೆ ನೀರು ತಾಗಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಸೆಲ್ಲೂ ಕೆಡುತ್ತೆ, ಮನುಷ್ಯರಿಗೂ ಅಪಾಯ.

ಒಣಗಿದ ಎಲೆಕ್ಟ್ರೋಡ್, ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ತೆಗೆದಿಟ್ಟ ಹಪ್ಪಳದ ಹಾಗೆ ತೇವ ಎಳೆದುಕೊಳ್ಳುತ್ತದೆ. ಅದನ್ನು ಕಣ್ಣಾರೆ ನೋಡಬೇಕಾದರೆ ಸಿಲಿಕಾ ಜೆಲ್ ಸಾಕು. ಓವನ್‌ನಲ್ಲಿ ಒಣಗಿಸಿದ ಜೆಲ್ ಅನ್ನು ತಕ್ಕಡಿ ಮೇಲಿಟ್ಟು ಸುಮ್ಮನೆ ಅಂಕಿ ನೋಡುತ್ತಾ ನಿಲ್ಲಿ. ಯಾರೂ ಏನೂ ಸೇರಿಸದೆ ತೂಕ ಏರುತ್ತಾ ಹೋಗುತ್ತೆ. ನಿಮಿಷಕ್ಕೊಮ್ಮೆ ಬರೆದು ಗ್ರಾಫ್ ಹಾಕಿ.

ಡ್ರೈ ರೂಮಿಗೆ ತೇವ ತರುವವರಲ್ಲಿ ದೊಡ್ಡ ಪಾಲು ನಮ್ಮದೇ, ಉಸಿರು ಮತ್ತು ಬೆವರಿನಿಂದ. ಅದಕ್ಕೇ ಒಂದೇ ಸಲಕ್ಕೆ ಎಷ್ಟು ಜನ ಒಳಗಿರಬಹುದು ಅಂತ ಲೆಕ್ಕ ಇರುತ್ತದೆ. "ಬೇಗ ಹೋಗಿ ಬಂದುಬಿಡ್ತೀನಿ" ಅಂತ ಬಾಗಿಲು ತೆಗೆಯೋ ಅಭ್ಯಾಸ ಅಲ್ಲಿ ನಡೆಯಲ್ಲ. ಗಂಟೆಗಟ್ಟಲೆ ಒಳಗಿದ್ದರೆ ತುಟಿ, ಕಣ್ಣು ಒಣಗುತ್ತವೆ, ವಿರಾಮದಲ್ಲಿ ನೀರು ಕುಡಿಯಲೇಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೊದಲೇ ಕೇಳಿಕೊಳ್ಳಿ.

ಹೆಜ್ಜೆ 5: ವೆಲ್ಡ್ ಮಾಡಿ, ಕಿತ್ತು ನೋಡಿ

ಪ್ಯಾಕ್ ಕಡೆ ಹೋಗುವವರಿಗೆ ಇದು. ಜೀವಂತ ಸೆಲ್ ಮೇಲೆ ಕಲಿಯಬೇಡಿ. ತೆಳ್ಳನೆ ಸ್ಟೀಲ್ ತಗಡಿನ ಮೇಲೆ 0.15 ಮಿಲಿಮೀಟರ್ ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿ, ಇಕ್ಕಳದಿಂದ ಹಿಡಿದು ಮೇಲಕ್ಕೆ ಸುಲಿಯಿರಿ. ಪಟ್ಟಿ ಹರಿದು, ವೆಲ್ಡ್ ಆದ ಚುಕ್ಕೆ ತಗಡಿನ ಮೇಲೇ ಉಳಿದರೆ ವೆಲ್ಡ್ ಗಟ್ಟಿ. ಟಪ್ ಅಂತ ಪೂರ್ತಿ ಬಿಟ್ಟು ಬಂದರೆ ಶಾಖ ಸಾಲದು. ತೂತು ಬಿದ್ದು ಸುತ್ತ ಕಪ್ಪಾಗಿದ್ದರೆ ಜಾಸ್ತಿ ಆಯಿತು. ಸೆಟ್ಟಿಂಗ್ ಬದಲಿಸಿದಾಗಲೆಲ್ಲ ಬರೆಯಿರಿ, ಸುಲಿದ ತುಂಡುಗಳನ್ನು ಪುಸ್ತಕಕ್ಕೇ ಅಂಟಿಸಿ. ಸೆಲ್‌ಗೆ ನೇರವಾಗಿ ಬೆಸುಗೆ ಕಡ್ಡಿ ಮುಟ್ಟಿಸುವ ಕೆಲಸ ಬೇಡವೇ ಬೇಡ, ಶಾಖ ಒಳಗೆ ಆನೋಡ್, ಕ್ಯಾಥೋಡ್ ತಾಗದಂತೆ ತಡೆಯುವ ಸೆಪರೇಟರ್‌ ತನಕ ಹೋಗುತ್ತದೆ.

ಹೆಜ್ಜೆ 6: ಮೈಮೇಲಿನ ಲೋಹ, ಮತ್ತೆ ಉಳಿದ ಸುರಕ್ಷತೆ

ಉಂಗುರ, ಕಡಗ, ವಾಚ್, ಕುತ್ತಿಗೆಯ ಸರ, ಲೋಹದ ಬಕಲ್ ಇರುವ ಬೆಲ್ಟ್, ಬೆಳ್ಳಿ ಉಡಿದಾರ. ಸೆಲ್ ಇರುವ ಜಾಗದಲ್ಲಿ ಇವ್ಯಾವೂ ಇರಬಾರದು. ತಾಳಿ, ಕಾಲುಂಗುರದ ವಿಷಯ ಹೆಣ್ಣುಮಕ್ಕಳು ಮೊದಲ ದಿನವೇ ಸೂಪರ್‌ವೈಸರ್ ಹತ್ತಿರ ಮುಜುಗರ ಇಲ್ಲದೆ ಕೇಳಿ. ಟೇಪ್ ಸುತ್ತಲು ಬಿಡುತ್ತಾರೋ, ತೆಗೆದಿಡಬೇಕೋ, ಬೇರೆ ವಿಭಾಗ ಕೊಡುತ್ತಾರೋ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಮನೆಯವರಿಗೂ ಮೊದಲೇ ಹೇಳಿಟ್ಟರೆ ಆಮೇಲೆ ರಗಳೆ ಇರಲ್ಲ.

60 ವೋಲ್ಟ್ ಡಿಸಿ ದಾಟಿದ ಪ್ಯಾಕನ್ನು ಹೈ ವೋಲ್ಟೇಜ್ ಅಂತಲೇ ನೋಡಬೇಕು. ಕಾರಿನ ಪ್ಯಾಕ್ ಮುನ್ನೂರು, ನಾನೂರು ವೋಲ್ಟ್ ಇರುತ್ತೆ. 1000 ವೋಲ್ಟ್ ಗುರುತು ಇರುವ ಟೂಲ್, ರಬ್ಬರ್ ಗ್ಲೌಸ್ ಇಲ್ಲದೆ ಮುಟ್ಟಬಾರದು. ಗ್ಲೌಸ್ ಹಾಕುವ ಮೊದಲು ಗಾಳಿ ತುಂಬಿ ಒತ್ತಿ, ತೂತಿದೆಯಾ ನೋಡಿ. ಮನೆಯ ಕರೆಂಟ್ ಥರ ಇದಕ್ಕೆ ಮೇನ್ ಆಫ್ ಅನ್ನೋದಿಲ್ಲ. ಬಿಚ್ಚಿಟ್ಟ ಪ್ಯಾಕ್‌ನಲ್ಲೂ ಸೆಲ್‌ಗಳು ಜೀವಂತ.

ಎನ್‌ಎಂಪಿ ಗರ್ಭಕ್ಕೆ ಹಾನಿ ಮಾಡುವ ರಾಸಾಯನಿಕ. ಗರ್ಭಿಣಿಯರು, ಆ ಯೋಚನೆಯಲ್ಲಿ ಇರುವವರು ಮಿಕ್ಸಿಂಗ್, ಕೋಟಿಂಗ್ ಬಿಟ್ಟು ಬೇರೆ ಕಡೆ ಕೇಳಿ. ನಿಕಲ್, ಕೋಬಾಲ್ಟ್ ಇರುವ ಪುಡಿಗೆ ಸರಿಯಾದ ರೆಸ್ಪಿರೇಟರ್ ಬೇಕು, ಕರ್ಚೀಫ್ ಕಟ್ಟಿದರೆ ಸಾಲದು. ಎಲೆಕ್ಟ್ರೋಲೈಟ್ ಇರುವ ಜಾಗದಲ್ಲಿ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ (ಹೈಡ್ರೋಫ್ಲೋರಿಕ್ ಆಮ್ಲ ಚರ್ಮಕ್ಕೆ ತಾಗಿದರೆ ಹಚ್ಚುವ ಮದ್ದು) ಎಲ್ಲಿಟ್ಟಿದ್ದಾರೆ ಅಂತ ಮೊದಲ ದಿನವೇ ಕೇಳಿ ನೋಡಿಕೊಳ್ಳಿ. ಗೊತ್ತಿಲ್ಲ ಅಂದರೆ ಆ ಜಾಗದ ಬಗ್ಗೆ ಸ್ವಲ್ಪ ಯೋಚಿಸಿ.

ಉಬ್ಬಿದ, ಬಿಸಿಯಾದ, ಕೆಳಗೆ ಬಿದ್ದ ಸೆಲ್ ಕಂಡರೆ ಮುಚ್ಚಿಡಬೇಡಿ. ಬೈಗುಳ ತಿಂದರೂ ಪರವಾಗಿಲ್ಲ, ಹೇಳಿ.

ಹೆಜ್ಜೆ 7: ಕೋರ್ಸಿಗೆ ದುಡ್ಡು ಕಟ್ಟುವ ಮೊದಲು

ಮೂರು ದಿನದಲ್ಲಿ ಇವಿ ಎಕ್ಸ್‌ಪರ್ಟ್ ಮಾಡುತ್ತೇವೆ ಅನ್ನೋ ಜಾಹೀರಾತು ಬೇಕಾದಷ್ಟಿವೆ. ಫೋನ್ ಮಾಡಿ ಇಷ್ಟು ಕೇಳಿ. ಎಷ್ಟು ಜನಕ್ಕೆ ಒಂದು ಮೀಟರ್? ನಾನು ನನ್ನ ಕೈಯಾರೆ ಎಷ್ಟು ವೆಲ್ಡ್ ಮಾಡುತ್ತೇನೆ? ಸೆಲ್ ಸೈಕ್ಲರ್ (ಮತ್ತೆ ಮತ್ತೆ ಚಾರ್ಜ್, ಡಿಸ್ಚಾರ್ಜ್ ಮಾಡಿ ಸೆಲ್ ಪರೀಕ್ಷಿಸುವ ಯಂತ್ರ) ಇದೆಯಾ, ಅದರ ಡೇಟಾ ನಮಗೆ ಕೊಡುತ್ತೀರಾ? ಕಲಿಸುವವರು ಕಾರ್ಖಾನೆಯಲ್ಲಿ ದುಡಿದವರಾ? ಸರ್ಟಿಫಿಕೇಟ್ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಾದ ಎನ್‌ಎಸ್‌ಕ್ಯುಎಫ್‌ಗೆ ಹೊಂದಿದ್ದಾ, ವಾಹನ ಕ್ಷೇತ್ರದ ಕೌಶಲ ಮಂಡಳಿ ಎಎಸ್‌ಡಿಸಿಯದ್ದಾ? ಮೊದಲ ಎರಡು ಪ್ರಶ್ನೆಗೇ ತಡವರಿಸಿದರೆ ಫೋನ್ ಇಡಿ. ಎಲೆಕ್ಟ್ರೋಕೆಮಿಸ್ಟ್ರಿಯನ್ನೇ ಆಳವಾಗಿ ಕಲಿಯುವ ಆಸೆ ಇದ್ದರೆ ತಮಿಳುನಾಡಿನ ಕಾರೈಕುಡಿಯಲ್ಲಿ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿಇಸಿಆರ್‌ಐ ಇದೆ, ಅವರ ತರಬೇತಿ ಪ್ರಕಟಣೆಗಳ ಮೇಲೆ ಕಣ್ಣಿಡಿ.

ಹೆಜ್ಜೆ 8: ಅಪ್ರೆಂಟಿಸ್ ಆಗಿ ಒಳಗೆ ಹೋಗಿ

ನನ್ನ ಪ್ರಕಾರ ದುಡ್ಡು ಕೊಟ್ಟು ಕಲಿಯೋದಕ್ಕಿಂತ ಇದು ಮೇಲು. ಕೇಂದ್ರ ಸರ್ಕಾರದ ಎರಡು ಅಪ್ರೆಂಟಿಸ್ ಯೋಜನೆಗಳಿವೆ: ಐಟಿಐನವರಿಗೆ ಎನ್‌ಎಪಿಎಸ್, ಡಿಪ್ಲೊಮಾ ಮತ್ತು ಪದವಿಯವರಿಗೆ ಎನ್‌ಎಟಿಎಸ್. ಎರಡಕ್ಕೂ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಆಗುತ್ತದೆ, ಅದಕ್ಕೆ ಶುಲ್ಕ ಇಲ್ಲ. ಎನ್‌ಎಪಿಎಸ್‌ನಲ್ಲಿ ಸ್ಟೈಪೆಂಡ್‌ನ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಸರ್ಕಾರವೇ ಭರಿಸುತ್ತದೆ. 2019ರ ನಿಯಮದಲ್ಲೇ ಕನಿಷ್ಠ ಸ್ಟೈಪೆಂಡ್ ಡಿಪ್ಲೊಮಾಕ್ಕೆ 8,000, ಪದವಿಗೆ 9,000 ರೂಪಾಯಿ ಇತ್ತು. ಅದಕ್ಕಿಂತ ಕಡಿಮೆ ಹೇಳಿದರೆ ಒಪ್ಪಬೇಡಿ, ಈಗಿನ ದರ ಪೋರ್ಟಲ್‌ನಲ್ಲಿ ನೋಡಿ. "ಸೀಟ್ ಹಿಡಿದುಕೊಡ್ತೀನಿ, ಡೆಪಾಸಿಟ್ ಕಟ್ಟಿ" ಅನ್ನುವ ಏಜೆಂಟ್ ಸಿಕ್ಕರೆ ಅಲ್ಲಿಗೇ ಬಿಡಿ.

ಒಪ್ಪಂದ ಪೋರ್ಟಲ್‌ನಲ್ಲಿ ದಾಖಲಾಗಿ, ಅದರ ಪ್ರತಿ ನಿಮ್ಮ ಕೈಗೆ ಬರಬೇಕು. ಯಾವ ಟ್ರೇಡ್, ಎಷ್ಟು ತಿಂಗಳು, ಯಾವ ಘಟಕ ಅಂತ ಓದಿ. ಸೇರಿದ ಮೇಲೆ ವರ್ಷಪೂರ್ತಿ ಪ್ಯಾಕಿಂಗ್ ಸೆಕ್ಷನ್‌ನಲ್ಲಿ ಡಬ್ಬಿ ಮುಚ್ಚಿಸಿದರೆ ಅದು ತರಬೇತಿ ಅಲ್ಲ. ಕೆಲವು ವಾರಕ್ಕೊಮ್ಮೆ ವಿಭಾಗ ಬದಲಿಸಿ ಅಂತ ಎಚ್‌ಆರ್‌ಗೆ ಬರೆದು ಕೇಳಿ, ಬಾಯಿಮಾತಿನಲ್ಲಿ ಬೇಡ.

ಸಂದರ್ಶನಕ್ಕೆ ಹೋಗುವಾಗ ಮಾರ್ಕ್ಸ್ ಕಾರ್ಡ್ ಜೊತೆ ನಿಮ್ಮ ಅಭ್ಯಾಸದ ಪುಸ್ತಕವನ್ನೂ ಒಯ್ಯಿರಿ. ಸೆಲ್ ಪಟ್ಟಿ, ಲೋಡಿಂಗ್ ಲೆಕ್ಕ, ಸುಲಿದ ವೆಲ್ಡ್ ತುಂಡು, ತಪ್ಪಿ ಬರೆದು ಒಂದೇ ಗೆರೆ ಎಳೆದು ಪಕ್ಕಕ್ಕೆ ಸಹಿ ಹಾಕಿದ ಜಾಗ, ಎಲ್ಲವೂ ಇರಲಿ. ವೈಟ್‌ನರ್ ಹಚ್ಚಬೇಡಿ, ಕ್ವಾಲಿಟಿಯವರಿಗೆ ಅದು ಕಂಡರೆ ಆಗಲ್ಲ. ಅವರು ಬಹುಶಃ ಹೀಗೊಂದು ಕೇಳಬಹುದು: ಎರಡು ಸೆಲ್, ಎರಡೂ 3.650. ವಾರದ ನಂತರ ಒಂದು 3.648, ಇನ್ನೊಂದು 3.612. ಏನು ಮಾಡುತ್ತೀರಿ? ಚಾರ್ಜ್ ಮಾಡಿ ಸರಿ ಮಾಡುತ್ತೇನೆ ಅನ್ನಬೇಡಿ. ಹೀಗನ್ನಿ: ಮೀಟರ್, ಉಷ್ಣಾಂಶ ನೋಡಿ ಮತ್ತೊಮ್ಮೆ ಅಳೆಯುತ್ತೇನೆ. ಅಷ್ಟೇ ಬಂದರೆ ಆ ಸೆಲ್ ಬೇರೆ ಮಾಡಿ ಹೋಲ್ಡ್ ಟ್ಯಾಗ್ ಹಾಕುತ್ತೇನೆ, ಲಾಟ್ ನಂಬರ್ ಬರೆದು ಶಿಫ್ಟ್ ಇನ್‌ಚಾರ್ಜ್‌ಗೆ ತಿಳಿಸುತ್ತೇನೆ, ಅದೇ ಲಾಟಿನ ಉಳಿದ ಸೆಲ್‌ಗಳನ್ನೂ ನೋಡುತ್ತೇನೆ. ಇಷ್ಟು ಹೇಳಿ ನಿಲ್ಲಿಸಿ.